ಕರೆಂಟ್ ಹೋದರೂ ಉಳಿಯಬೇಕಾದ ಲೆಕ್ಕ

ಮಲ್ಪೆಯ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಮೈನಸ್ 18 ಡಿಗ್ರಿಯ ಕೋಣೆಯ ಹೊರಗೆ ಸಣ್ಣ ಮೇಜು ಇದೆ. ಅದರ ಮೇಲೆ ಉದ್ದನೆಯ ಲೆಕ್ಕದ ಪುಸ್ತಕ. ಗಂಟೆಗೊಮ್ಮೆ ಸೂಪರ್‌ವೈಸರ್ ಬರುತ್ತಾರೆ, ಬಾಗಿಲ ಪಕ್ಕದ ಮೀಟರ್ ನೋಡುತ್ತಾರೆ, ಪೆನ್ನಿನಲ್ಲಿ ಟೆಂಪರೇಚರ್ ಬರೆದು ಸಹಿ ಹಾಕುತ್ತಾರೆ. ಮೀನು ಕೊಳ್ಳುವ ಕಡೆಯವರು ತಪಾಸಣೆಗೆ ಬಂದರೆ ಮೊದಲು ತೆರೆಸುವುದು ಆ ಪುಸ್ತಕವನ್ನೇ. ನಡುವೆ ಒಂದು ಸಾಲು ಖಾಲಿ ಇದ್ದರೆ ಸಾಕು, ಆ ಹೊತ್ತಿನಲ್ಲಿ ಮೀನು ಕರಗಿತ್ತೋ ಏನೋ ಎಂಬ ಅನುಮಾನ ಶುರುವಾಗುತ್ತದೆ.

ಆ ಪುಸ್ತಕದ ಕೆಲಸವನ್ನು ಒಂದು ಸಣ್ಣ ಕಂಪ್ಯೂಟರ್ ಡಬ್ಬಿಯಿಂದ ಮಾಡಿಸುವುದು ನಮ್ಮ ಕೆಲಸ. ಮಂಗಳೂರಿನಲ್ಲಿ ನಾವು ಮೂರು ಜನ ಇದ್ದೇವೆ. ಡೇಟಾ ಉಳಿಸಿಡುವ ಭಾಗವನ್ನು ಹೊಸದಾಗಿ ಬರೆದವನು ನಾನು.

ಮೊದಲು ಲೆಕ್ಕ ಹೇಳುತ್ತೇನೆ. 40 ಸೆನ್ಸರ್, 10 ಸೆಕೆಂಡಿಗೊಂದು ರೀಡಿಂಗ್. ಒಂದು ರೀಡಿಂಗ್‌ಗೆ 16 ಬೈಟ್: ಸಮಯಕ್ಕೆ 8, ಸೆನ್ಸರ್ ನಂಬರಿಗೆ 4, ಟೆಂಪರೇಚರ್‌ಗೆ 4. ದಿನಕ್ಕೆ 3,45,600 ರೀಡಿಂಗ್, ಅಂದರೆ ಸುಮಾರು 5.5 ಎಂಬಿ. ವರ್ಷಕ್ಕೆ 2 ಜಿಬಿ. ಇಷ್ಟು ಸಣ್ಣ ಡೇಟಾಕ್ಕೆ ಹೊಸ ಸ್ಟೋರೇಜ್ ಯಾಕೆ ಅಂತ ಕೇಳಬಹುದು. ಮೊದಲು ನಾವೂ ಎಸ್‌ಕ್ಯೂಲೈಟ್ ಎಂಬ ಸಿದ್ಧ ಡೇಟಾಬೇಸ್ ಬಳಸುತ್ತಿದ್ದೆವು. ಅದರಲ್ಲಿ ದೋಷ ಏನೂ ಇರಲಿಲ್ಲ. ನಿಮ್ಮ ಕೆಲಸ ಅದರಲ್ಲಿ ಆಗುತ್ತದೆ ಎಂದರೆ ಅದನ್ನೇ ಇಟ್ಟುಕೊಳ್ಳಿ, ಸ್ವಂತದ್ದು ಬರೆಯಲು ಹೋಗಬೇಡಿ. ನಮ್ಮ ತೊಂದರೆ ಇದ್ದದ್ದು ಎಸ್‌ಡಿ ಕಾರ್ಡಿನಲ್ಲಿ. 16 ಬೈಟ್ ಸೇರಿಸಿದರೂ ಡೇಟಾಬೇಸ್ ತನ್ನ 4 ಕೆಬಿ ಪುಟವನ್ನು ಪೂರ್ತಿ ಬರೆಯುತ್ತದೆ. ಬೇಗ ಹುಡುಕಲು ಇಂಡೆಕ್ಸ್ ಇದ್ದರೆ ಇನ್ನೊಂದು ಪುಟ. ಕಾರ್ಡಿನೊಳಗಿನ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದದ್ದರ ಮೇಲೆ ಮತ್ತೆ ಬರೆಯಲು ಆಗುವುದಿಲ್ಲ. ಒಂದು ದೊಡ್ಡ ಬ್ಲಾಕನ್ನೇ ಅಳಿಸಬೇಕು. ಹಾಗೆ ಅಳಿಸುವುದಕ್ಕೂ ಒಂದು ಮಿತಿ ಇದೆ. ರೀಡಿಂಗ್‌ಗಳನ್ನು ಗುಂಪು ಮಾಡಿ ಬರೆದು ನೋಡಿದೆವು. ಸ್ವಲ್ಪ ಸುಧಾರಿಸಿತು, ಆದರೂ ಕಾರ್ಡ್‌ಗಳು ಬೇಗ ಸಾಯುತ್ತಲೇ ಇದ್ದವು.

ಹಾಗಾಗಿ ಪುಸ್ತಕದ ದಾರಿಯನ್ನೇ ಹಿಡಿದೆ. ಬರೆಯುವುದು ಯಾವಾಗಲೂ ಫೈಲಿನ ಕೊನೆಗೆ. ಹಳೆಯದನ್ನು ತಿದ್ದುವುದಿಲ್ಲ. ಇದು ನಾನು ಕಂಡುಹಿಡಿದದ್ದಲ್ಲ. 1991ರಲ್ಲಿಯೇ ಮೆಂಡೆಲ್ ರೋಸೆನ್‌ಬ್ಲಮ್ ಮತ್ತು ಜಾನ್ ಔಸ್ಟರ್‌ಹೌಟ್ ಒಂದಿಡೀ ಫೈಲ್ ಸಿಸ್ಟಮನ್ನು ಹೀಗೆ ಕಟ್ಟಿ ತೋರಿಸಿದ್ದರು. ನಮ್ಮಲ್ಲಿ 10 ಸೆಕೆಂಡಿನ 40 ರೀಡಿಂಗ್ ಸೇರಿ ಒಂದು ರೆಕಾರ್ಡ್. ರೆಕಾರ್ಡಿನ ತಲೆಯಲ್ಲಿ 4 ಬೈಟ್ ಉದ್ದ, 4 ಬೈಟ್ ಸಿಆರ್‌ಸಿ, ಅಂದರೆ ಡೇಟಾದಿಂದಲೇ ಲೆಕ್ಕಹಾಕಿ ತೆಗೆದ ತಾಳೆ ಸಂಖ್ಯೆ. ರೆಕಾರ್ಡ್ ಅರ್ಧ ಬರೆದಾಗ ಕರೆಂಟ್ ಹೋದರೆ ಸಿಆರ್‌ಸಿ ತಾಳೆಯಾಗುವುದಿಲ್ಲ, ಅಲ್ಲಿಗೆ ಕತ್ತರಿಸಬಹುದು. ಫೈಲುಗಳು 64 ಎಂಬಿಯ ತುಂಡುಗಳು. ತುಂಬಿದ ತುಂಡನ್ನು ಆಮೇಲೆ ಒತ್ತಿ ಸಣ್ಣದು ಮಾಡುತ್ತೇವೆ. ಇದಕ್ಕೆ ಫೇಸ್‌ಬುಕ್‌ನವರು 2015ರಲ್ಲಿ ಪ್ರಕಟಿಸಿದ ‘ಗೊರಿಲ್ಲಾ’ ವಿಧಾನ ತೆಗೆದುಕೊಂಡೆ. ಅವರಿಗೆ 16 ಬೈಟ್ ಸರಾಸರಿ 1.37 ಬೈಟಿಗೆ ಇಳಿದಿತ್ತು. ನಮಗೆ ಅಷ್ಟು ಸಿಗಲಿಲ್ಲ. ಆದರೆ ಮುಚ್ಚಿದ ಕೋಣೆಯ ಟೆಂಪರೇಚರ್ ಹೆಚ್ಚು ಅಲುಗಾಡುವುದಿಲ್ಲ ಅಲ್ವಾ, ಅದರಿಂದ ನಮಗೂ ಒಳ್ಳೆಯ ಉಳಿತಾಯವಾಯಿತು.

ಇಷ್ಟು ಬರೆಯಲು ನಾಲ್ಕು ತಿಂಗಳು ಸಾಕಾಯಿತು. ಕಷ್ಟ ಶುರುವಾದದ್ದು ಆಮೇಲೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಹಳೆಯ ಸ್ಟಾಕ್ ಮಾತ್ರ. ನಮ್ಮ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಕೆಲಸ ಕಡಿಮೆ, ಮಳೆ ಜೋರು, ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಹೇಳುವ ಹಾಗಿಲ್ಲ. ಹೋದರೊಂದು ಏಟು, ಜನರೇಟರ್ ಹಾಕುವಾಗ ಒಂದು ಏಟು, ತೆಗೆಯುವಾಗ ಇನ್ನೊಂದು. ಯುಪಿಎಸ್ ಇಟ್ಟಿದ್ದೆವು. ಆದರೆ ಉಪ್ಪುಗಾಳಿಗೆ ಅದರ ಬ್ಯಾಟರಿ ಟರ್ಮಿನಲ್ ಹಸಿರುಗಟ್ಟಿ ಸಂಪರ್ಕವೇ ತಪ್ಪಿತ್ತು. ಹೊಸ ಡಬ್ಬಿಯನ್ನು ಹಳೆಯದರ ಪಕ್ಕದಲ್ಲಿ ಕೂರಿಸಿ ಮಂಗಳೂರಿಗೆ ವಾಪಸ್ ಬಂದೆ.

ಜುಲೈ ಮೊದಲ ವಾರ ಸೂಪರ್‌ವೈಸರ್ ಫೋನ್ ಮಾಡಿದರು. "ಎಂತ ಮಾರಾಯ್ರೆ, ಕರೆಂಟ್ ಬಂದು ಹತ್ತು ನಿಮಿಷ ಆಯ್ತು. ನಿಮ್ಮ ಸ್ಕ್ರೀನ್ ಇನ್ನೂ ಕಪ್ಪೇ ಉಂಟು. ಮೊದಲು ಹೀಗೆ ಇರ್ಲಿಲ್ಲ. ದಿನದಿಂದ ದಿನಕ್ಕೆ ಜಾಸ್ತಿ ಆಗ್ತಾ ಉಂಟು."

‘ದಿನದಿಂದ ದಿನಕ್ಕೆ’ ಅನ್ನುವ ಮಾತು ತಲೆಯಲ್ಲಿ ಕೂತಿತು. ಕಾರ್ಡ್ ನಿಧಾನ ಆಗಿದ್ದರೆ ಮೊದಲ ದಿನದಿಂದಲೇ ನಿಧಾನ ಇರಬೇಕಿತ್ತು. ಮರುದಿನ ಬೆಳಿಗ್ಗೆ ಬಸ್ ಹತ್ತಿ ಹೋದೆ.

ಕಾರ್ಡ್ ನೋಡಿದರೆ ಆಶ್ಚರ್ಯ. ದಿನಕ್ಕೆ 5.5 ಎಂಬಿಯ ಲೆಕ್ಕದಲ್ಲಿ ಒಂದು 64 ಎಂಬಿ ತುಂಡು ತುಂಬಲು ಹನ್ನೊಂದು ದಿನವಾದರೂ ಬೇಕು. ತಿಂಗಳಿಗೆ ಮೂರೋ ನಾಲ್ಕೋ ಇರಬೇಕಾದಲ್ಲಿ ನೂರಕ್ಕಿಂತ ಜಾಸ್ತಿ ತುಂಡುಗಳಿದ್ದವು. ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್‌ಡಂಪ್‌ನಲ್ಲಿ ಒಂದನ್ನು ತೆರೆದೆ. ಮೇಲೆ ಒಂದಿಷ್ಟು ಸಾಲು ಸರಿಯಾದ ಡೇಟಾ. ಆಮೇಲೆ ಒಂದು ಸಾಲು ಪೂರ್ತಿ ಸೊನ್ನೆ. ಅದರ ಕೆಳಗೆ ಒಂದು ನಕ್ಷತ್ರ ಚಿಹ್ನೆ. ಮುಂದಿನ ಸಾಲುಗಳೆಲ್ಲ ಹಿಂದಿನದರ ಹಾಗೇ ಇದ್ದರೆ ಹೆಕ್ಸ್‌ಡಂಪ್ ಒಂದು ನಕ್ಷತ್ರ ಹಾಕಿ ಬಿಟ್ಟುಬಿಡುತ್ತದೆ. ಅಂದರೆ ಉಳಿದ 64 ಎಂಬಿಯೂ ಸೊನ್ನೆ.

ಸೊನ್ನೆ ಇರುವುದು ಸರಿಯೇ. ಹೊಸ ತುಂಡು ಶುರು ಮಾಡುವಾಗ 64 ಎಂಬಿ ಜಾಗವನ್ನು ಮೊದಲೇ ಹಿಡಿದಿಡುವ ಹಾಗೆ ಬರೆದಿದ್ದೆ. ಬರೆಯದ ಜಾಗವನ್ನು ಓದಿದರೆ ಸೊನ್ನೆಯೇ ಬರುತ್ತದೆ. ಆದರೆ ಡಬ್ಬಿ ಎದ್ದ ಕೂಡಲೇ ಓದುವ ನನ್ನ ಕೋಡ್ ಆ ಸೊನ್ನೆಗಳ ಹತ್ತಿರ ಬಂದು ನಿಲ್ಲಬೇಕಿತ್ತಲ್ಲ, ಯಾಕೆ ನಿಲ್ಲಲಿಲ್ಲ? ಆ ಮೇಜಿನ ಹತ್ತಿರವೇ ಕೂತು ಪೆನ್ನು ಹಿಡಿದು ಲೆಕ್ಕ ಹಾಕಿದೆ. ಮೊದಲ 4 ಬೈಟ್ ಸೊನ್ನೆ, ಅಂದರೆ ರೆಕಾರ್ಡಿನ ಉದ್ದ ಸೊನ್ನೆ. ಮುಂದಿನ 4 ಬೈಟ್ ಸೊನ್ನೆ, ಅಂದರೆ ಸಿಆರ್‌ಸಿ ಸೊನ್ನೆ. ಏನೂ ಇಲ್ಲದ ಡೇಟಾದ ಸಿಆರ್‌ಸಿ ಎಷ್ಟು? ಸೊನ್ನೆ! ತಾಳೆಯಾಯಿತು. ಎಂಟು ಸೊನ್ನೆ ಬೈಟ್‌ಗಳು ನನ್ನ ಕೋಡಿನ ಕಣ್ಣಿಗೆ ಒಂದು ಸರಿಯಾದ, ಖಾಲಿ ರೆಕಾರ್ಡ್.

ಒಂದು ತುಂಡಿನಲ್ಲಿ ಇಂಥವು 83 ಲಕ್ಷದಷ್ಟು ಹಿಡಿಯುತ್ತವೆ. ಕೋಡ್ ಅವನ್ನೆಲ್ಲ ಒಂದೊಂದಾಗಿ ಓದಿ ಕೊನೆ ಮುಟ್ಟಿ, ಈ ತುಂಡು ತುಂಬಿದೆ ಅಂದುಕೊಂಡು ಹೊಸ ತುಂಡು ತೆರೆಯುತ್ತಿತ್ತು. ಒಂದೊಂದು ಸಲ ಕರೆಂಟ್ ಹೋದಾಗಲೂ 64 ಎಂಬಿ ಜಾಗ ಹೋಯಿತು. ಎದ್ದಾಗಲೆಲ್ಲ ಎಲ್ಲ ತುಂಡುಗಳನ್ನೂ ಓದುತ್ತಿದ್ದರಿಂದ ಕಾಯುವ ಹೊತ್ತೂ ಬೆಳೆಯಿತು. ಹೀಗೇ ಬಿಟ್ಟಿದ್ದರೆ ಮೀನಿನ ಸೀಸನ್ ಶುರುವಾಗುವ ಹೊತ್ತಿಗೆ ಕಾರ್ಡ್ ತುಂಬಿ ಬರವಣಿಗೆಯೇ ನಿಲ್ಲುತ್ತಿತ್ತು.

ಆಫೀಸಿನ ಟೆಸ್ಟ್‌ಗಳಲ್ಲಿ ಇದು ಸಿಕ್ಕಿರಲಿಲ್ಲ. ಅಲ್ಲಿ ಬೇಗ ಮುಗಿಯಲಿ ಅಂತ ತುಂಡಿನ ಗಾತ್ರ 64 ಕೆಬಿ ಇಟ್ಟಿದ್ದೆ. ರೀಡಿಂಗ್ ಯಾವುದಾದರೂ ಕಳೆದುಹೋಯಿತಾ ಅಂತ ಮಾತ್ರ ಟೆಸ್ಟ್ ನೋಡುತ್ತಿತ್ತು. ಯಾವುದೂ ಕಳೆದಿರಲಿಲ್ಲ. ಈಗ ಪ್ರತಿ ರೆಕಾರ್ಡಿನ ಮುಂದೆ ಸೊನ್ನೆಯಲ್ಲದ 4 ಬೈಟಿನ ಗುರುತು ಇದೆ. ಉದ್ದ ಸೊನ್ನೆ ಬಂದರೆ ಅಲ್ಲೇ ನಿಲ್ಲುತ್ತದೆ. ತುಂಬಿದ ತುಂಡುಗಳ ಪಟ್ಟಿ ಬೇರೆ ಇಟ್ಟಿದ್ದೇವೆ, ಎದ್ದಾಗ ಕೊನೆಯದನ್ನು ಮಾತ್ರ ಓದಿದರೆ ಸಾಕು. ಕೆಟ್ಟ ರೆಕಾರ್ಡಿನ ನಂತರ ಮತ್ತೆ ಒಳ್ಳೆಯ ರೆಕಾರ್ಡ್ ಕಂಡರೆ ಕತ್ತರಿಸುವುದಿಲ್ಲ. ಅದು ಕರೆಂಟ್ ಹೋದ ಗುರುತಲ್ಲ, ಕಾರ್ಡೇ ಕೆಟ್ಟ ಗುರುತು. ಆಗ ಫೈಲನ್ನು ಹಾಗೇ ತೆಗೆದಿಟ್ಟು ನಮಗೆ ಹೇಳುತ್ತದೆ.

ಇದಾದ ಮೇಲೆ ನನ್ನ ಟೆಸ್ಟ್‌ಗಳ ಮೇಲೆ ನನಗೇ ನಂಬಿಕೆ ಹೋಯಿತು. ಅಲ್ಲಿಯವರೆಗೆ ಪ್ರೋಗ್ರಾಮನ್ನು ಕೊಂದು ನೋಡುತ್ತಿದ್ದೆವು. ಪ್ರೋಗ್ರಾಂ ಸತ್ತರೂ ಡಬ್ಬಿಯನ್ನು ನಡೆಸುವ ಲಿನಕ್ಸ್ ಬದುಕಿರುತ್ತದೆ, ಅದರ ಮೆಮೊರಿಯಲ್ಲಿದ್ದ ಡೇಟಾ ನಿಧಾನಕ್ಕೆ ಕಾರ್ಡಿಗೆ ಹೋಗುತ್ತದೆ. ಕರೆಂಟ್ ಹೋದರೆ ಆ ಮೆಮೊರಿಯೂ ಇಲ್ಲ. ಮೆಮೊರಿಯಲ್ಲಿದ್ದದ್ದನ್ನು ಈಗಲೇ ಕಾರ್ಡಿಗೆ ಬರೆ ಅಂತ ಲಿನಕ್ಸ್‌ಗೆ ಹೇಳುವ ‘ಎಫ್‌ಸಿಂಕ್’ ಕರೆದು, ಅದು ಸರಿ ಅಂದ ಮೇಲಷ್ಟೇ ಡೇಟಾ ಕಾರ್ಡಿಗೆ ಮುಟ್ಟಿದೆ ಅಂತ ಅರ್ಥ. ಇದನ್ನು ನಿಜವಾಗಿ ಪರೀಕ್ಷಿಸಲು ಡಬ್ಬಿಯ ವೈರಿಗೆ ಒಂದು ರಿಲೇ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್, ಕಟ್ಟಿದೆವು. ಇನ್ನೊಂದು ಬೋರ್ಡ್ ಮನಸ್ಸಿಗೆ ಬಂದ ಹೊತ್ತಿಗೆ ಕರೆಂಟ್ ಕಡಿಯುತ್ತದೆ. ಎಫ್‌ಸಿಂಕ್ ಆದ ಪ್ರತಿ ರೆಕಾರ್ಡಿನ ನಂಬರನ್ನು ಡಬ್ಬಿ ಸೀರಿಯಲ್ ವೈರಿನಲ್ಲಿ ಲ್ಯಾಪ್‌ಟಾಪ್‌ಗೆ ಕಳಿಸುತ್ತದೆ. ಮತ್ತೆ ಎದ್ದಾಗ ಆ ನಂಬರುಗಳೆಲ್ಲ ಕಾರ್ಡಿನಲ್ಲಿ ಇರಲೇಬೇಕು. ರಾತ್ರಿಯಿಡೀ ರಿಲೇ ಟಕ್ ಟಕ್ ಅನ್ನುತ್ತಿತ್ತು, ನಾವು ಸರದಿ ಮೇಲೆ ಮಲಗುತ್ತಿದ್ದೆವು.

ಮೂರು ಬಗೆಯ ಕಾರ್ಡ್‌ಗಳಲ್ಲಿ ಒಂದು ಸಿಕ್ಕಿಬಿತ್ತು. ಅದು ‘ಬರೆದಾಯ್ತು’ ಅಂತ ಹೇಳಿದ್ದ ಕೊನೆಯ ಕೆಲವು ರೆಕಾರ್ಡ್‌ಗಳು ಎದ್ದ ಮೇಲೆ ಇರಲಿಲ್ಲ. ನನ್ನ ಕೋಡ್ ಎಷ್ಟೇ ಸರಿ ಇದ್ದರೂ ಅದಕ್ಕೆ ಏನೂ ಮಾಡಲಾಗುವುದಿಲ್ಲ. ಆ ಬಗೆಯನ್ನು ಕೈಬಿಟ್ಟೆವು. ಅಷ್ಟೇ ಸಾಲದು ಅನ್ನಿಸಿತು. ಸೆನ್ಸರ್ ಪೆಟ್ಟಿಗೆಗಳಿಗೆ ಅವುಗಳದೇ ಬ್ಯಾಟರಿ ಇತ್ತು. ಕೊನೆಯ ಒಂದು ಗಂಟೆಯ ರೀಡಿಂಗ್ ಅವುಗಳಲ್ಲೇ ಉಳಿಯುವ ಹಾಗೆ ಮಾಡಿದೆವು. ಡಬ್ಬಿ ಎದ್ದ ಮೇಲೆ ಆ ಒಂದು ಗಂಟೆಯದನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಅದೇ ಸೆನ್ಸರ್, ಅದೇ ಸಮಯ ಎರಡು ಸಲ ಬಂದರೆ ಒಂದನ್ನು ಬಿಡುತ್ತದೆ.

ಎಫ್‌ಸಿಂಕ್ ತಪ್ಪು ಅಂತ ಉತ್ತರ ಕೊಟ್ಟರೆ? ಮೊದಲು ಇನ್ನೊಮ್ಮೆ ಕರೆಯುವ ಹಾಗೆ ಬರೆದಿದ್ದೆ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರಿಗೆ ಇದೇ ಸಮಸ್ಯೆ ಎದುರಾಗಿತ್ತು. ಲಿನಕ್ಸ್‌ನಲ್ಲಿ ಎರಡನೇ ಸಲ ಕರೆದರೆ, ಡೇಟಾ ಕಳೆದಿದ್ದರೂ ‘ಸರಿ’ ಅಂತ ಉತ್ತರ ಬರಬಹುದು. ಅವರು ಡೇಟಾಬೇಸನ್ನೇ ನಿಲ್ಲಿಸಿ, ಬದಲಾವಣೆಗಳನ್ನು ಮೊದಲೇ ಬರೆದಿಟ್ಟ ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುವ ದಾರಿ ಹಿಡಿದರು. ನಾವೂ ಹಾಗೇ ಮಾಡಿದೆವು. ಒಮ್ಮೆ ತಪ್ಪಾದರೆ ಪ್ರೋಗ್ರಾಂ ನಿಂತು, ಹೊಸದಾಗಿ ಎದ್ದು, ಸೆನ್ಸರ್‌ಗಳ ಹತ್ತಿರ ಮತ್ತೆ ಕೇಳುತ್ತದೆ.

ಜುಲೈ ಕೊನೆಯ ಎರಡು ವಾರ ಹಳೆಯ ಡಬ್ಬಿ, ಹೊಸ ಡಬ್ಬಿ ಎರಡೂ ಒಟ್ಟಿಗೆ ಓಡಿದವು. ದಿನಾ ಬೆಳಿಗ್ಗೆ ಎರಡರ 3,45,600 ರೀಡಿಂಗ್ ಹೋಲಿಸುತ್ತಿದ್ದೆವು. ಕರೆಂಟ್ ಹೋದ ದಿನ ವ್ಯತ್ಯಾಸ ಬರುತ್ತಿದ್ದದ್ದು ಹಳೆಯದರಲ್ಲಿ, ಅದು ಮಲಗಿದ್ದ ಹೊತ್ತಿನ ಖಾಲಿ. 31ರ ಸಂಜೆ ಹಳೆಯದನ್ನು ಬಿಚ್ಚಿದೆವು.

ಆಗಸ್ಟ್ ಮೊದಲ ವಾರ ರಾತ್ರಿ ಜೋರು ಮಳೆಗೆ ಕರೆಂಟ್ ಹೋಯಿತು, ಜನರೇಟರ್ ಶುರುವಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಸೂಪರ್‌ವೈಸರ್ ಪುಸ್ತಕ ತೆರೆದು ಸ್ಕ್ರೀನಿನ ಮುಂದೆ ಕೂತಿದ್ದರು. ಗ್ರಾಫಿನ ಮೇಲೆ ಬೆರಳಿಟ್ಟು, ಪುಸ್ತಕದ ಒಂದೊಂದು ಸಾಲಿಗೂ ತಾಳೆ ನೋಡುತ್ತಿದ್ದರು. ಕರೆಂಟ್ ಇಲ್ಲದ ಇಪ್ಪತ್ತು ನಿಮಿಷದಲ್ಲಿ ಗೆರೆ ಸ್ವಲ್ಪ ಮೇಲೆ ಹತ್ತಿ, ಮತ್ತೆ ಇಳಿದಿತ್ತು. ಎಲ್ಲೂ ತುಂಡಾಗಿರಲಿಲ್ಲ. "ಇದರಲ್ಲಿ ನನ್ನದಕ್ಕಿಂತ ಜಾಸ್ತಿ ಉಂಟು," ಅಂದರು. ಆಮೇಲೆ ಗಡಿಯಾರ ನೋಡಿ, ಎದ್ದು ಹೋಗಿ, ಎಂಟು ಗಂಟೆಯ ರೀಡಿಂಗನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿದರು.