ಬಣ್ಣಕ್ಕೆ ಮೊದಲು ಕಂದು: ತೈಲವರ್ಣದ ಭಾವಚಿತ್ರವನ್ನು ಕಟ್ಟುವ ಬಗೆ

ಭಾವಚಿತ್ರದಲ್ಲಿ ಹೋಲಿಕೆಯನ್ನು ತರುವುದು ನೆರಳು ಬೆಳಕುಗಳ ಅಳತೆ. ಅದು ಸರಿಯಿದ್ದರೆ ಮೈಬಣ್ಣ ತುಸು ಹೆಚ್ಚುಕಡಿಮೆಯಾದರೂ ನೋಡಿದವರು ಆಳನ್ನು ಗುರುತು ಹಿಡಿಯುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಯಲ್ಲಿರುವ ಹಲ್ದಣಕರ್ ಅವರ ದೀಪ ಹಿಡಿದ ಹೆಣ್ಣುಮಗಳ ಚಿತ್ರವನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಅದು ಜಲವರ್ಣದ ಚಿತ್ರವೇ ಹೊರತು ತೈಲವರ್ಣದ್ದಲ್ಲ. ಆದರೂ ದೀಪಕ್ಕೆ ಮರೆಯಾಗಿಟ್ಟ ಬೆರಳುಗಳ ಕೆಂಪು ಅಷ್ಟು ಉಜ್ವಲವಾಗಿ ಕಾಣುವುದು ಸುತ್ತಲಿನ ಕತ್ತಲನ್ನು ಕಲಾವಿದರು ಕಾಪಾಡಿಕೊಂಡಿರುವುದರಿಂದ ಎಂಬುದು ತೈಲದಲ್ಲಿ ಬರೆಯುವವರಿಗೂ ಪಾಠವೇ.

ಉದಾಹರಣೆಗೆ ನಾನು ಈಚೆಗೆ ಬರೆದ ನಮ್ಮ ದೊಡ್ಡಪ್ಪನವರ ಚಿತ್ರವನ್ನೇ ತೆಗೆದುಕೊಳ್ಳುತ್ತೇನೆ. ಅವರು ಮಂಡ್ಯದ ಕಡೆಯ ಕಬ್ಬಿನ ಬೆಳೆಗಾರರು. ಬಿಸಿಲಿಗೆ ಕಂದಿದ ಮುಖ, ಬಿಳಿ ಮೀಸೆ, ತಲೆಗೆ ಜರಿಯ ಅಂಚಿನ ಮೈಸೂರು ಪೇಟ. ಅವರನ್ನು ಉತ್ತರದ ಕಿಟಕಿಯ ಪಕ್ಕದಲ್ಲಿ ಕೂರಿಸಿದೆ, ಏಕೆಂದರೆ ಅಲ್ಲಿ ನೇರ ಬಿಸಿಲು ಬೀಳುವುದು ಕಡಿಮೆ, ಬೆಳಕು ಹೊತ್ತುಹೊತ್ತಿಗೆ ಜಾಗ ಬದಲಿಸುವುದಿಲ್ಲ.

ಕ್ಯಾನ್ವಾಸ್ ಮುಟ್ಟುವ ಮೊದಲು ಬೆಂಕಿಪೊಟ್ಟಣದ ಗಾತ್ರದ ನಾಲ್ಕೈದು ಕರಡುಗಳನ್ನು ಪೆನ್ಸಿಲಿನಲ್ಲಿ ಮಾಡಿ, ಕಪ್ಪು, ನಡುಬಣ್ಣ, ಬಿಳಿ ಎಂಬ ಮೂರೇ ಭಾಗಗಳಲ್ಲಿ ಚಿತ್ರದ ಚೌಕಟ್ಟು ನಿಲ್ಲುತ್ತದೆಯೇ ಎಂದು ನೋಡಿ. 16x20 ಅಂಗುಲದ ಕ್ಯಾನ್ವಾಸಿನಲ್ಲಿ ತಲೆಯನ್ನು ನಿಜಗಾತ್ರಕ್ಕಿಂತ ಸ್ವಲ್ಪ ಚಿಕ್ಕದಾಗಿ, ಎಂಟು ಅಂಗುಲದಷ್ಟು ಇಟ್ಟರೆ ಸಾಕು. ಮುಖ ತಿರುಗಿರುವ ಕಡೆಗೆ ಹೆಚ್ಚು ಜಾಗ ಬಿಡಬೇಕು. ಪೇಟ ತೊಟ್ಟವರನ್ನು ಬರೆಯುವಾಗ ಮೇಲೆ ಎಷ್ಟು ಜಾಗ ಬೇಕೆಂಬ ಅಂದಾಜು ಬಹಳ ಸಲ ತಪ್ಪುತ್ತದೆ. ಪೇಟವನ್ನು ಮೊದಲು ಗುರುತಿಸಿ, ಆಮೇಲೆ ಗಲ್ಲಕ್ಕೆ ಇಳಿಯುವುದು ಕ್ಷೇಮ.

ಇನ್ನು ಅಡಿಬಣ್ಣ. ರಾ ಅಂಬರ್ ಎಂಬ ಕಂದು ಮಣ್ಣುಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳುಮಾಡಿ ಇಡೀ ಕ್ಯಾನ್ವಾಸಿಗೆ ಬಳಿದು, ಹಳೆಯ ಹತ್ತಿಬಟ್ಟೆಯಿಂದ ಒರೆಸಿದರೆ ಚಹಾದ ಕಲೆಯಂಥ ನಡುಛಾಯೆ ಉಳಿಯುತ್ತದೆ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಈ ಪದರಕ್ಕೆ ಅದನ್ನು ಆರಿಸಿಕೊಳ್ಳುವುದು ಅದಕ್ಕೇ. ಬಣ್ಣ ಹಸಿಯಿರುವಾಗಲೇ ಅದೇ ಅಂಬರನ್ನು ತುಸು ಗಟ್ಟಿಯಾಗಿ ತೆಗೆದುಕೊಂಡು ನೆರಳಿನ ಆಕಾರಗಳನ್ನು ತುಂಬಿ: ಕಣ್ಣಿನ ಗೂಡು, ಮೂಗಿನ ಕೆಳಗು, ಪೇಟದಡಿಯ ಹಣೆ, ಬೆಳಕಿಗೆ ಬೆನ್ನಾದ ಕೆನ್ನೆ. ಬೆಳಕಿರುವಲ್ಲಿ ಬೆರಳಿಗೆ ಬಟ್ಟೆ ಸುತ್ತಿ ಬಣ್ಣವನ್ನು ಎತ್ತಿಬಿಡಿ. ರೆಪ್ಪೆ, ಹುಬ್ಬುಗಳ ಗೆರೆ ಬರೆಯುವ ಆಸೆಯನ್ನು ಇಲ್ಲಿ ತಡೆಯಬೇಕು.

ಛಾಯೆಗಳನ್ನು ಅಳೆಯಲು ಕಣ್ಣನ್ನು ಅರೆಮುಚ್ಚಿ ನೋಡುವುದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ವಿವರಗಳು ಕರಗಿ, ಐದಾರು ದೊಡ್ಡ ತುಂಡುಗಳಷ್ಟೇ ಉಳಿಯುತ್ತವೆ. ನೆರಳಿನೊಳಗಿನ ಅತಿ ತಿಳಿಯಾದ ಭಾಗವೂ ಬೆಳಕಿನ ಕಡೆಯ ಅತಿ ಗಾಢವಾದ ಭಾಗಕ್ಕಿಂತ ಕಪ್ಪಾಗಿಯೇ ಇರಬೇಕೆಂಬ ನಿಯಮವನ್ನು ಮರೆಯುವಂತಿಲ್ಲ. ದೊಡ್ಡಪ್ಪನವರ ಬಿಳಿ ಅಂಗಿಯಿಂದ ದವಡೆಯ ಕೆಳಗೆ ಬೆಳಕು ಪುಟಿಯುತ್ತಿತ್ತು. ಅದು ಚೆಂದವೆನಿಸಿ ಒಂದಿಷ್ಟು ಬಿಳಿ ಹೆಚ್ಚಿಗೆ ಹಾಕಿದೆ, ದವಡೆ ಹಿತ್ತಾಳೆ ತಂಬಿಗೆಯ ಅಂಚಿನಂತೆ ಮಿನುಗತೊಡಗಿತು. ಕೆರೆದು ತೆಗೆದು, ಅಂಬರಿಗೆ ಚೂರು ಓಕರ್ ಎಂಬ ಹಳದಿ ಮಣ್ಣುಬಣ್ಣ ಬೆರೆಸಿ ಹಚ್ಚಿದ ಮೇಲೆ ಕುತ್ತಿಗೆ ಹಿಂದಕ್ಕೆ ಸರಿಯಿತು. ಕಣ್ಣಿನ ಬಿಳಿಯ ವಿಷಯದಲ್ಲಿಯೂ ಹೀಗೆಯೇ: ಹುಬ್ಬಿನ ನೆರಳಿನಲ್ಲಿ ಅದು ಬೂದು, ಕೆಲವೊಮ್ಮೆ ಕೆನ್ನೆಗಿಂತಲೂ ಕಪ್ಪು. ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ಓರೆಕೋರೆಗಳು ತಟ್ಟನೆ ಕಣ್ಣಿಗೆ ಬೀಳುತ್ತವೆ. ಒಟ್ಟು ಕೆಲಸದ ಅರ್ಧ ಸಮಯ ಈ ಕಂದಿನಲ್ಲಿಯೇ ಕಳೆದರೂ ನಷ್ಟವಿಲ್ಲ.

ಪದರ ಮುಟ್ಟಿದರೆ ಅಂಟದಷ್ಟು ಒಣಗಲಿ. ಟರ್ಪೆಂಟೈನ್ ಆವಿಯಾಗಿ ಹೋಗುತ್ತದೆ, ಆದರೆ ಬಣ್ಣದೊಳಗಿನ ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗಬೇಕು. ಆದ್ದರಿಂದ ಅವಸರ ಕೂಡದು. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಹೆಚ್ಚಿರಬೇಕು. ಅಡಿಗೆ ಟರ್ಪೆಂಟೈನ್ ಮಾತ್ರ, ಎರಡನೆಯದಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಎಣ್ಣೆ, ಕೊನೆಯದಕ್ಕೆ ಸಮಪಾಲು ಎಂದಿಟ್ಟುಕೊಳ್ಳಬಹುದು. ಈ ಕ್ರಮ ತಿಳಿಯದೆ ನಾನು ಹಿಂದೊಮ್ಮೆ ತಲೆಗೂದಲಿಗೆ ಎಣ್ಣೆ ಸುರಿದ ಐವರಿ ಬ್ಲ್ಯಾಕನ್ನು ದಪ್ಪಗೆ ಮೆತ್ತಿ, ಅದರ ಮೇಲೆ ತೆಳುಬಣ್ಣ ಎಳೆದಿದ್ದೆ. ಎರಡು ವರ್ಷದೊಳಗೆ ಆ ಭಾಗವೆಲ್ಲ ಬೇಸಿಗೆಯ ಕೆರೆಯ ಅಂಗಳದಂತೆ ಬಿರಿಯಿತು.

ಮೈಬಣ್ಣಕ್ಕೆ ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ (ಕೆಂಗಂದು), ಲೈಟ್ ರೆಡ್, ಐವರಿ ಬ್ಲ್ಯಾಕ್, ಅಲ್ಟ್ರಾಮರೀನ್ (ಗಾಢ ನೀಲಿ) ಸಾಕು. ‘ಸ್ಕಿನ್’ ಎಂದು ಬರೆದ ಟ್ಯೂಬನ್ನು ನಮ್ಮವರ ಮುಖಕ್ಕೆ ಬಳಸುವುದು ಬೇಡ. ಓಕರಿಗೆ ಕಪ್ಪು ಬೆರೆತರೆ ಹಸಿರು ಛಾಯೆ ಬರುತ್ತದೆ. ಕಂದು ಮುಖದಲ್ಲಿ ನೆರಳು ಬೆಳಕು ಸಂಧಿಸುವ ಅಂಚಿಗೆ ಅದು ಚೆನ್ನಾಗಿ ಹೊಂದುತ್ತದೆ. ಹಣೆಗೆ ಹಳದಿ, ಮೂಗು, ಕಿವಿ, ಕೆನ್ನೆಗೆ ಕೆಂಪು, ಗಡ್ಡ ಬೋಳಿಸಿದ ಭಾಗಕ್ಕೆ ನೀಲಿಬೂದು ತುಸುತುಸುವೇ ಇರಲಿ. ಕಿಟಕಿಯಿಂದ ಬರುವುದು ಆಕಾಶದ ಬೆಳಕಾದ್ದರಿಂದ ಹಣೆಯ ಮಿನುಗು ತಣ್ಣಗೆ, ನೀಲಿಗೆ ವಾಲಿರುತ್ತದೆ.

ಜರಿಗೆ ಚಿನ್ನದ ಬಣ್ಣ ಕೊಳ್ಳಬೇಕಾಗಿಲ್ಲ. ಅದರ ಬಹುಭಾಗ ಅಂಬರ್ ಮತ್ತು ಓಕರಿನ ಮಂದ ಕಂದು. ಮಡಿಕೆ ಬೆಳಕಿಗೆ ತಿರುಗುವ ಮೂರು ನಾಲ್ಕು ಕಡೆ ಮಾತ್ರ ದಪ್ಪ ತಿಳಿಹಳದಿಯ ಚುಕ್ಕೆ ಇಟ್ಟು ಕುಂಚ ಎತ್ತಿದರೆ ಹೊಳಪು ತಾನಾಗಿ ಬರುತ್ತದೆ.

ಎಣ್ಣೆ ಹತ್ತಿದ ಬಟ್ಟೆಗಳನ್ನು ಮುದ್ದೆಮಾಡಿ ಎಸೆಯಬಾರದು, ಅವು ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು, ನೀರಿನಲ್ಲಿ ನೆನೆಸಿಡಿ. ವಾರ್ನಿಷ್ ಬಳಿಯಲು ಆರು ತಿಂಗಳಾದರೂ ಕಾಯಬೇಕು. ಅಲ್ಲಿಯವರೆಗೆ ಧೂಳು ಬೀಳುತ್ತದೆಂದು ಚಿತ್ರವನ್ನು ಬೀರುವಿನಲ್ಲಿ ಮುಚ್ಚಿಡಬೇಡಿ, ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಗಟ್ಟುತ್ತದೆ. ದೊಡ್ಡಪ್ಪನವರ ಚಿತ್ರ ಈಗ ನಮ್ಮ ನಡುಮನೆಯಲ್ಲಿ, ಬಿಸಿಲು ನೇರವಾಗಿ ಬೀಳದ ಗೋಡೆಗೆ ಒರಗಿ ಒಣಗುತ್ತಿದೆ.