ಕೋಲು ಹಿಡಿಸಿ ವಾಲ್ಟ್ಜ್ ಕಲಿಸಿದೆ: ದಾವಣಗೆರೆಯಲ್ಲಿ ನನ್ನ ಅನುಭವ

ದಾವಣಗೆರೆಯಲ್ಲಿ ಗಂಡ-ಹೆಂಡತಿಯನ್ನು ಎದುರುಬದುರು ನಿಲ್ಲಿಸಿ ವಾಲ್ಟ್ಜ್, ಅಂದರೆ ಮೂರರ ಲಯದ ಪಾಶ್ಚಾತ್ಯ ಜೋಡಿ ನೃತ್ಯ, ಕಲಿಸ್ತೀನಿ ಅಂದಾಗ ನಗಾಡಿದವರು ಹೊರಗಿನವರಲ್ಲ, ಡ್ಯಾನ್ಸ್ ಕಲಿಸೋ ನಮ್ಮ ಕಸುಬಿನವರೇ. "ಮದುವೆ ಸಂಗೀತ್‌ಗೆ ನಾಲ್ಕು ಸಿನಿಮಾ ಹಾಡು ಕೂಡಿಸಿಕೊಟ್ಟು ದುಡ್ಡು ಎಣಿಸ್ಕೊಳ್ಳಪ್ಪ, ಅದೆಲ್ಲ ಬೆಂಗಳೂರಿಗೆ ಸರಿ" ಅಂದರು. ಈಗ ಸಂಜೆ ಎರಡು ಬ್ಯಾಚು ತುಂಬಿವೆ. ಒಂದರಲ್ಲಿ ಬಹುಪಾಲು ಐವತ್ತು ದಾಟಿದವರು, ಮಂಡಿಪೇಟೆ ಅಂಗಡಿ ಬೀಗ ಹಾಕಿ ನೇರ ಬರೋರು. ಅದಕ್ಕೇ ಬರೀತಿದ್ದೀನಿ.

ಮೊದಲ ವರ್ಷ ಪೂರ್ತಿ ನಷ್ಟ. ಹದಡಿ ರಸ್ತೆ ಕಡೆ ಮಹಡಿ ಮೇಲಿನ ಹಾಲ್‌ಗೆ ತಿಂಗಳಿಗೆ 9,000 ಹತ್ತಿರ ಬಾಡಿಗೆ, ಗೋಡೆ ಕನ್ನಡಿಗೆ 20,000 ಚಿಲ್ಲರೆ. ನಾನು ಕಲಿತದ್ದು ಇಂಟರ್‌ನ್ಯಾಷನಲ್ ಶೈಲಿಯ ಬಾಲ್‌ರೂಮ್ (ಜೋಡಿ ನೃತ್ಯ), ಅದನ್ನೇ ಕಲಿಸೋಕೆ ಹೊರಟೆ. ಅದರ ಸ್ಟ್ಯಾಂಡರ್ಡ್ ವಿಭಾಗದ ಐದೂ, ಅಂದರೆ ವಾಲ್ಟ್ಜ್, ಟ್ಯಾಂಗೋ, ವಿಯೆನ್ನೀಸ್ ವಾಲ್ಟ್ಜ್, ಸ್ಲೋ ಫಾಕ್ಸ್‌ಟ್ರಾಟ್, ಕ್ವಿಕ್‌ಸ್ಟೆಪ್, ಮೊದಲಿಂದ ಕೊನೆವರೆಗೆ ಮುಚ್ಚಿದ ಹಿಡಿತ, ಅಂದರೆ ಮೈಗೆ ಮೈ ತಾಗೋ ಹಾಗೆ. ಎರಡನೇ ವಾರಕ್ಕೆ ಹೆಂಗಸರು ಅರ್ಧಕ್ಕರ್ಧ ಮಾಯ. ಒಬ್ಬರ ಅತ್ತೆ ಮೆಟ್ಟಿಲ ಬುಡದಲ್ಲೇ ನಿಂತು "ಮೇಲೆ ಏನ್ ಕಲಿಸ್ತಾರ್ರೀ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಸೊಸೇನ ಕರ್ಕೊಂಡು ಹೋದರು.

ಸರಿ, ಅದೇ ಶೈಲಿಯ ಲ್ಯಾಟಿನ್ ನೃತ್ಯಗಳಿಗೆ ಹೊರಳಿದೆ, ಅಲ್ಲಿ ಹಿಡಿತ ಸಡಿಲ. ಅದರಲ್ಲೊಂದಾದ ಜೈವ್ ನಿಮಿಷಕ್ಕೆ 42-44 ಬಾರ್ (ನಾಲ್ಕೆಣಿಕೆಯ ಸುತ್ತು). ನಮ್ಮ ವ್ಯಾಪಾರಸ್ಥರಿಗೆ ಎರಡನೇ ನಿಮಿಷಕ್ಕೇ ಏದುಸಿರು. ಚಾ ಚಾದ ಫೋರ್-ಅಂಡ್-ಒನ್ ಅನ್ನೋ ಮೂರು ಚುರುಕು ಹೆಜ್ಜೆ ಯಾರ ಕಾಲಿಗೂ ಇಳೀಲಿಲ್ಲ. ಕೆಹರ್ವಾ ಅನ್ನೋ ತಬಲಾ ತಾಳದ ಮೇಲೆ ಕೂರಿಸಿ ನೋಡಿದೆ, ಎಂಟು ಮಾತ್ರೆ, ಅಂದರೆ ಎಂಟು ಎಣಿಕೆ, ಲೆಕ್ಕಕ್ಕೆ ಸರಿ ಬರುತ್ತೆ, ಆದರೆ ಆ 'ಅಂಡ್' ಕಳೆದುಹೋಗಿ ಎಲ್ಲರೂ ಭಜನೆಗೆ ತಲೆ ಆಡಿಸೋ ಥರ ಆಡ್ತಾರೆ. ಬಿಟ್ಟೆ.

ಬದಲಾಗಿದ್ದು ಎರಡು ವಿಷಯದಿಂದ. ಒಂದು, ಅಮೆರಿಕನ್ ಸ್ಮೂತ್ ಅನ್ನೋ ಇನ್ನೊಂದು ಬಾಲ್‌ರೂಮ್ ಶೈಲಿ‌ಗೆ ಬಂದೆ. ಅದರಲ್ಲಿ ಜೋಡಿಯವರು ಹಿಡಿತ ಬಿಟ್ಟು ಕುಣಿಯೋಕೆ ಅವಕಾಶ ಇದೆ, ವಾಲ್ಟ್ಜ್ ಬಾಕ್ಸ್ ಸ್ಟೆಪ್‌ನಿಂದ ಶುರು. ಬಾಕ್ಸ್ ಅಂದರೆ ನೆಲದ ಮೇಲೆ ಚೌಕ ಬರೆದ ಹಾಗೆ ಆರು ಹೆಜ್ಜೆ, ದಾದ್ರಾ ತಾಳ ಅಂದರೆ ಆರು ಮಾತ್ರೆ. 'ಧಾ' ಎಡಗಾಲು ಮುಂದೆ, 'ಧಿನ್' ಬಲಗಾಲು ಪಕ್ಕಕ್ಕೆ, 'ನಾ' ಎಡಗಾಲು ಕೂಡಿಸು. ಮತ್ತೆ 'ಧಾ' ಬಲಗಾಲು ಹಿಂದೆ, 'ತಿನ್' ಎಡಗಾಲು ಪಕ್ಕ, 'ನಾ' ಕೂಡಿಸು. ಹೆಂಗಸರಿಗೆ ಇದರ ಉಲ್ಟಾ. ಭಜನಾ ಮಂಡಳಿಯ ತಬಲಾದವರೊಬ್ಬರನ್ನ ಸಂಜೆಗೆ 500ರಂತೆ ಕರೆಸಿ, ಮೊದಲು ನಿಮಿಷಕ್ಕೆ 60 ಮಾತ್ರೆಯಷ್ಟು ನಿಧಾನ ನುಡಿಸಿದ್ದು. 84ಕ್ಕೆ ಮುಟ್ಟೋಕೆ ಆರೇಳು ವಾರ. ಒನ್-ಟೂ-ಥ್ರೀ ಅಂತ ಎಣಿಸೋವಾಗ ಎಡವುತ್ತಿದ್ದವರೇ ಬೋಲ್, ಅಂದರೆ ಆ ಧಾ-ಧಿನ್-ನಾ, ಹೇಳ್ತಾ ಸಲೀಸಾಗಿ ತಿರುಗಿದರು. ಅದೇ ಬಾಕ್ಸನ್ನು ನಿಧಾನ-ಬೇಗ-ಬೇಗ ಮಾಡಿದರೆ ಅಮೆರಿಕನ್ ರುಂಬಾ. ಹೀಗೆ ಒಂದು ಪಾಠಕ್ಕೆ ಎರಡು ನೃತ್ಯ, ಫೀಸು ಮಾತ್ರ ಎರಡು ತಿಂಗಳದ್ದು!

ಎರಡನೇದು ಕೋಲು. ಕೋಲಾಟದ ಕೋಲೇ, ಜೋಡಿಗೆ ಎರಡು. ಒಂದು ತುದಿ ಅವರು, ಇನ್ನೊಂದು ತುದಿ ಇವರು. ಮೈ ತಾಗಲ್ಲ, ಮುಜುಗರ ಇಲ್ಲ. ಮೊಣಕೈ ಜೋತುಬಿದ್ದರೆ ಕೋಲು ಓರೆಯಾಗುತ್ತೆ, ನಾನು ಬಾಯಿಬಿಡೋದೇ ಬೇಡ. ಗಂಡಸರು ತೋಳಲ್ಲಿ ಎಳೀತಾರಾ, ಮೈಯಿಂದ ನಡೆಸ್ತಾರಾ ಅನ್ನೋದು ಕೋಲಲ್ಲೇ ಗೊತ್ತಾಗುತ್ತೆ. "ಫ್ರೇಮ್ ಕೆಟ್ಟುಹೋಗುತ್ತೆ ಸರ್", ಅಂದರೆ ತೋಳು-ಬೆನ್ನಿನ ನಿಲುವು ಹಾಳಾಗುತ್ತೆ ಅಂತ ಹೇಳಿದ ಬೆಂಗಳೂರಿನ ಗೆಳೆಯ ಬಂದು ನೋಡಿ ಸುಮ್ಮನಾದ. ಆಮೇಲೆ ಮೋಟು ಕೋಲು, ಆಮೇಲೆ ಬರಿಗೈ. ಮೋಟು ಕೋಲಿಂದ ಬೆನ್ನ ಮೇಲಿನ ಕೈಗೆ ದಾಟಿಸೋ ಆ ಒಂದು ಪಾಠ ಮಾತ್ರ ಇಲ್ಲಿ ಬರೆಯಲ್ಲ, ನನ್ನ ಅನ್ನ ಅದರಲ್ಲಿದೆ.

ಬೂಟಿನ ವಿಷಯ. ಸ್ವೇಡ್ (ಒರಟು ಚರ್ಮದ) ಅಟ್ಟೆಯದ್ದು 4,000ಕ್ಕೆ ಕಡಿಮೆ ಸಿಗಲಿಲ್ಲ. ಹಳೇ ಫಾರ್ಮಲ್ ಶೂ ತಳಕ್ಕೆ ನಮ್ಮೂರ ಚಮ್ಮಾರರ ಹತ್ತಿರ ಒರಟು ಚರ್ಮ ಅಂಟಿಸಿದರೆ 250-300 ಆಗುತ್ತೆ. ತಂತಿ ಬ್ರಷ್‌ನಿಂದ ಆಗಾಗ ಕೆರೀಬೇಕು. ವಿಟ್ರಿಫೈಡ್ ಟೈಲ್ಸ್ ಮೇಲೆ ಅಪ್ಪಿತಪ್ಪಿಯೂ ಪೌಡರ್ ಹಾಕಬೇಡಿ. ನಾನು ಒರೆಸೋದೇ ಬೇರೆ ಒಂದು, ಕೇಳಬೇಡಿ.

ನಡುವೆ ಹುಚ್ಚಾಟವೂ ನಡೀತು. ಲ್ಯಾಟಿನ್ ನೃತ್ಯ ಸಾಂಬಾಗೆ ಡೊಳ್ಳು ಹೊಡೆಸಿದೆ. ಹುಡುಗರಿಗೆ ಬಲು ಖುಷಿ, ಕೆಳಗಿನ ಅಂಗಡಿಯವರಿಗೆ ಇಲ್ಲ. ಪಾಸೋ ಡೋಬ್ಲೆ ಅನ್ನೋ ನೃತ್ಯದಲ್ಲಿ ಗಂಡು ಗೂಳಿ ಕಾಳಗದವನು, ಹೆಣ್ಣು ಅವನ ಕೈಯ ಬಟ್ಟೆ. ಆ ನಿಲುವು, ಆ ಕಾಲು ಬಡಿತ ವೀರಗಾಸೆ ಕಲಿತ ಹುಡುಗನೊಬ್ಬನಿಗೆ ಒಂದೇ ಸಂಜೇಲಿ ಬಂತು, ಅವನ ಜೊತೆಗಾತಿ ಮಾತ್ರ "ನಾನ್ಯಾಕ್ರೀ ಬಟ್ಟೆ ಆಗ್ಲಿ?" ಅಂತ ಜಗಳ ತೆಗೆದಳು. ನ್ಯಾಯವೇ.

ಈಗ ಜೋಡಿಗೆ ತಿಂಗಳಿಗೆ 2,000. ಬಾಡಿಗೆ, ಕರೆಂಟು, ತಬಲಾ ಕಳೆದು 12-13 ಸಾವಿರ ಉಳಿಯುತ್ತೆ. ಮದುವೆ ಸೀಸನ್‌ನಲ್ಲಿ ಅದರ ಮೇಲೆ. ಫಾಕ್ಸ್‌ಟ್ರಾಟ್ ಇನ್ನೂ ಯಾರಿಗೂ ಹತ್ತಿಲ್ಲ, ನಾಲ್ಕರ ಲಯಕ್ಕೆ ಹೊಂದೋ ಠೇಕಾ (ತಬಲಾದ ಸಿದ್ಧ ಬಡಿತ) ಹುಡುಕ್ತಿದ್ದೀನಿ. ತೀನ್‌ತಾಲ್ ಆಗಲಿಲ್ಲ, ಹದಿನಾರು ಮಾತ್ರೆಯ ತಾಳ, ವಿಪರೀತ ಉದ್ದ.