‘ಹಕ್ಕು’ ಅಂದ್ರೆ ಏನು ಅಂತ ಕೇಳಬೇಡಿ, ಹೀಗೆ ಕೇಳಿ

ಹೋದ ವರ್ಷ ಇಲ್ಲಿ ಕೇರಳದ ಕಾಸರಗೋಡಿನಲ್ಲಿ ಒಂದು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟೆ. ತೆಗೆದುಕೊಂಡರು, ಸೀಲ್ ಹಾಕಿದರು. ಮೂರು ವಾರ ಬಿಟ್ಟು ಉತ್ತರ ಬಂತು, ಪೂರ್ತಿ ಮಲಯಾಳದಲ್ಲಿ. ಪಕ್ಕದ ಮನೆ ಹುಡುಗನಿಂದ ಓದಿಸಿಕೊಂಡೆ. ಸಿಟ್ಟು ಬಂದು ಪರಿಚಯದ ವಕೀಲರ ಹತ್ತಿರ ಹೋಗಿ ‘ಕನ್ನಡ ನಮ್ಮ ಹಕ್ಕಲ್ವಾ ಸಾರ್?’ ಅಂದರೆ, ಅವರು ತಿರುಗಿ ಕೇಳಿದ್ದು ಒಂದೇ: ‘ಯಾವುದು? ಯಾರ ಮೇಲೆ?’

ಆಗ ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಸ್ವಲ್ಪ ಓದಿದೆ. ಹಕ್ಕು, ಒಡೆತನ, ಸ್ವಾಧೀನ, ಅಲ್ಪಸಂಖ್ಯಾತ, ಹೀಗೆ ಕಾನೂನಿನ ತುಂಬ ಕಣ್ಣಿಗೆ ಕಾಣದ ಪದಗಳೇ. ಅವನ್ನು ಓದುವುದಕ್ಕೆ ಒಂದು ಬಗೆ ಇದೆ. ಕಾನೂನು ಓದುವ ಮಕ್ಕಳಿಗೂ, ಸುಮ್ನೆ ಕೋರ್ಟಿನ ಕಾಗದ ಕೈಗೆ ಬಂದವರಿಗೂ ಅದು ಉಪಯೋಗಕ್ಕೆ ಬಂದೀತು.

ಮೊದಲ ಕೆಲಸ: ‘ಅಂದರೆ ಏನು’ ಅನ್ನುವ ಪ್ರಶ್ನೆ ಬಿಟ್ಟುಬಿಡಿ. ಡಿಕ್ಷನರಿ ಮುಚ್ಚಿಡಿ. ಬದಲಿಗೆ ಸೂತಕ ನೆನಪು ಮಾಡಿಕೊಳ್ಳಿ.

ತಮಾಷೆ ಅಲ್ಲ. ಮುಂಬೈಯಲ್ಲಿ ದೊಡ್ಡಪ್ಪನ ಮಗ ತೀರಿಕೊಂಡರೆ ಇಲ್ಲಿ ಬದಿಯಡ್ಕದಲ್ಲಿ ಕೂತ ನಮಗೆ ಸೂತಕ. ಮೈಗೆ ಏನೂ ಅಂಟಿಲ್ಲ, ಮನೆಯಲ್ಲಿ ಏನೂ ಬದಲಾಗಿಲ್ಲ, ಫೋನ್ ಬರುವ ಮೊದಲು ಹೇಗಿದ್ದೆವೋ ಹಾಗೇ ಇದ್ದೇವೆ. ಆದರೂ ದೇವಸ್ಥಾನಕ್ಕೆ ಹೋಗುವ ಹಾಗಿಲ್ಲ, ದೈವದ ಕೆಲಸಕ್ಕೆ ನಿಲ್ಲುವ ಹಾಗಿಲ್ಲ, ಮದುವೆಗೆ ಹೋಗುವ ಹಾಗಿಲ್ಲ, ಮನೆಯಲ್ಲಿ ಪೂಜೆ ಇಲ್ಲ. ಸೂತಕ ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ. ಯಾವಾಗ ಬರುತ್ತದೆ, ಬಂದರೆ ಏನಾಗುತ್ತದೆ, ಇಷ್ಟೇ ಗೊತ್ತಿರುವುದು. ಅಷ್ಟು ಸಾಕು ಕೂಡ.

ಡೆನ್ಮಾರ್ಕಿನ ಕಾನೂನು ಪಂಡಿತ ಆಲ್ಫ್ ರಾಸ್ 1957ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ತೂ-ತೂ’ ಅನ್ನುವ ಲೇಖನದಲ್ಲಿ ಇದನ್ನೇ ಹೇಳಿದ್ದು. ಒಂದು ದ್ವೀಪ. ಅಲ್ಲಿ ನಾಯಕನ ಊಟ ತಿಂದವನು ‘ತೂ-ತೂ’ ಆಗುತ್ತಾನೆ. ತೂ-ತೂ ಆದವನಿಗೆ ಶುದ್ಧಿ ಮಾಡಿಸಬೇಕು. (ದ್ವೀಪವೇ ಕಟ್ಟುಕತೆ. ಅದರ ಹೆಸರನ್ನು ಹಿಂದಿನಿಂದ ಓದಿದರೆ ‘ಇಲ್ಯೂಷನ್’ ಅಂತ ಬರುತ್ತದೆ, ಕುಚೇಷ್ಟೆ ನೋಡಿ.) ರಾಸ್ ಕೇಳುತ್ತಾರೆ: ‘ಒಡೆತನ’ ಇದಕ್ಕಿಂತ ಬೇರೆಯಾ? ಕೊಂಡರೆ, ಪಾಲಿಗೆ ಬಂದರೆ, ಉಯಿಲಿನಲ್ಲಿ ಸಿಕ್ಕಿದರೆ ಒಡೆಯ. ಒಡೆಯನಾದರೆ ಮಾರಬಹುದು, ಬಾಡಿಗೆಗೆ ಕೊಡಬಹುದು, ಅತಿಕ್ರಮಿಸಿದವನನ್ನು ಎಬ್ಬಿಸಬಹುದು. ನಡುವಿನ ಪದ ಬರೀ ಕೊಂಡಿ.

ಕೊಂಡಿ ಯಾಕೆ ಬೇಕು? ಲೆಕ್ಕ ಹಾಕಿ. ಮೂರು ಕಾರಣ, ನಾಲ್ಕು ಫಲ ಅಂತ ಇಟ್ಟುಕೊಳ್ಳಿ. ಕೊಂಡಿ ಇಲ್ಲದಿದ್ದರೆ ಒಂದೊಂದು ಕಾರಣಕ್ಕೂ ಒಂದೊಂದು ಫಲ ಸೇರಿಸಿ 12 ನಿಯಮ ಬರೆಯಬೇಕು. ಕೊಂಡಿ ಇದ್ದರೆ 7 ಸಾಕು.

ಹಾಗಾಗಿ ಒಂದು ಹಾಳೆ ತಗೊಳ್ಳಿ. ನಡುವೆ ಆ ಪದ ಬರೆಯಿರಿ, ಎಡಕ್ಕೆ ಅದು ಯಾವುದರಿಂದ ಬರುತ್ತದೆ, ಬಲಕ್ಕೆ ಅದರಿಂದ ಏನೇನು ಆಗುತ್ತದೆ. ‘ವ್ಯಕ್ತಿ’ ಅಂತ ಹಾಕಿ ನೋಡಿ. ದೇವರ ಮೂರ್ತಿ ಕಾನೂನಿನ ಕಣ್ಣಿಗೆ ವ್ಯಕ್ತಿ ಅಂತ 1925ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟು) ಹೇಳಿದಾಗ ಮೂರ್ತಿಗೆ ಜೀವ ಇದೆಯೋ ಇಲ್ಲವೋ ಅನ್ನುವ ಚರ್ಚೆ ಅಲ್ಲ ಅದು. ಬಲಗಡೆಯ ಪಟ್ಟಿ ನೋಡಿ: ಆಸ್ತಿ ಇಟ್ಟುಕೊಳ್ಳಬಹುದು, ದಾವೆ ಹೂಡಬಹುದು. ಅಷ್ಟೇ.

‘ಹಕ್ಕು’ ಮಾತ್ರ ಈ ಹಾಳೆಗೆ ಸುಲಭದಲ್ಲಿ ಬಗ್ಗುವುದಿಲ್ಲ, ಯಾಕೆಂದರೆ ಆ ಒಂದೇ ಪದದೊಳಗೆ ನಾಲ್ಕು ಬೇರೆ ಬೇರೆ ಸಂಗತಿ ತುರುಕಿದ್ದೇವೆ. ಬಿಡಿಸಿ ತೋರಿಸಿದವರು ಅಮೆರಿಕದ ಕಾನೂನು ಪಂಡಿತ ಹೋಫೆಲ್ಡ್, 1913ರಲ್ಲಿ. ಅವರ ಮಾತು ನಮ್ಮ ಕಡೆಯವರಿಗೆ ತಿಳಿಯಬೇಕಾದರೆ ಕುಮ್ಕಿಯೇ ಸರಿಯಾದ ಉದಾಹರಣೆ. ಹಳೇ ದಕ್ಷಿಣ ಕನ್ನಡ ಜಿಲ್ಲೆಯ ಪದ್ಧತಿ ಇದು. ವರ್ಗ ಜಾಗದ (ಕಂದಾಯ ಕಟ್ಟುವ ಸ್ವಂತ ಜಾಗದ) ಸುತ್ತ 100 ಗಜದೊಳಗಿನ ಸರ್ಕಾರಿ ಗುಡ್ಡದಲ್ಲಿ ಆ ಜಾಗದವರು ಕೃಷಿಗೆ ಬೇಕಾದ ಸೊಪ್ಪು, ಸೌದೆ ತೆಗೆಯಬಹುದು.

ನಮ್ಮ ಮಾವನವರು ಆ ಗುಡ್ಡವನ್ನು ‘ನಮ್ಮ ಕುಮ್ಕಿ’ ಅಂತಲೇ ಹೇಳುವುದು. ಅಡಿಕೆ ತೋಟಕ್ಕೆ ಸೊಪ್ಪು ಅಲ್ಲಿಂದಲೇ. ಸೊಪ್ಪು ತೆಗೆದರೆ ತಪ್ಪಲ್ಲ: ಇದು ಬರೀ ಅನುಮತಿ. ಪಕ್ಕದ ತೋಟದವರು ಬಂದು ಕತ್ತಿ ಹಾಕಿದರೆ ತಡೆಯಬಹುದಾ? ಅದು ಬೇರೆ ಪ್ರಶ್ನೆ, ಎದುರಿನವನ ಕರ್ತವ್ಯದ್ದು. ಅನುಮತಿ ಇದೆ ಅಂದ ಮಾತ್ರಕ್ಕೆ ಎದುರಿನವನಿಗೆ ಕರ್ತವ್ಯ ಹುಟ್ಟುವುದಿಲ್ಲ, ಅದನ್ನು ಬೇರೆಯಾಗಿಯೇ ತೋರಿಸಬೇಕು. ಮಾರಬಹುದಾ? ಅದು ಅಧಿಕಾರ. ಗುಡ್ಡ ಸರ್ಕಾರದ್ದು, ಆ ಅಧಿಕಾರ ಮಾವನವರಿಗೆ ಇಲ್ಲ. ಸರ್ಕಾರ ನಾಳೆ ಬಂದು ಅದನ್ನು ಬೇರೆಯದಕ್ಕೆ ತೆಗೆದುಕೊಳ್ಳದ ಹಾಗೆ ರಕ್ಷಣೆ ಇದೆಯಾ? ಅದು ನಾಲ್ಕನೆಯದು. ಮಾವನವರ ಬಾಯಲ್ಲಿ ಈ ನಾಲ್ಕಕ್ಕೂ ಒಂದೇ ಹೆಸರು, ‘ಹಕ್ಕು’. ಪಕ್ಕದ ತೋಟದವರ ಜೊತೆಗಿನ ಜಗಳ ಮುಗಿಯದಿರುವುದಕ್ಕೆ ಅರ್ಧ ಕಾರಣ ಅದೇ ಅಂತ ನನ್ನ ಅನಿಸಿಕೆ. ಉಳಿದರ್ಧಕ್ಕೆ ಪಕ್ಕದವರ ಬಾಯಿ.

ಈಗ ನನ್ನ ಅರ್ಜಿಗೆ ಬನ್ನಿ. ಸಂವಿಧಾನದ 350ನೇ ವಿಧಿ ಪ್ರಕಾರ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಮನವಿ ಕೊಡಬಹುದು. ಕೊಡುವುದಕ್ಕೆ ಮಾತ್ರ. ಅದೇ ಭಾಷೆಯಲ್ಲಿ ಉತ್ತರ ಕೊಡಬೇಕು ಅಂತ ಆ ವಿಧಿಯಲ್ಲಿ ಒಂದು ಅಕ್ಷರವೂ ಇಲ್ಲ. ಉತ್ತರ ಕೇಳಬೇಕಾದರೆ ರಾಜ್ಯದ ಅಧಿಕೃತ ಭಾಷಾ ಕಾನೂನು ತೆಗೆದು, ಕರ್ತವ್ಯ ಯಾರ ಮೇಲೆ ಹಾಕಿದ್ದಾರೆ ಅಂತ ಹುಡುಕಬೇಕು. ವಕೀಲರು ‘ಯಾರ ಮೇಲೆ’ ಅಂದದ್ದು ಇದಕ್ಕೇ.

ಆದರೆ ಎಲ್ಲ ಪದವೂ ಬರೀ ಕೊಂಡಿ ಅಂತ ನಾನು ಒಪ್ಪುವುದಿಲ್ಲ. ಇಲ್ಲಿ ರಾಸ್ ಜೊತೆ ನನ್ನದು ಸ್ವಲ್ಪ ತಕರಾರು. ಸೂತಕ ಬಂತೋ ಇಲ್ಲವೋ ಅಂತ ಕೇಳಿದರೆ ಮನೆಯ ಹಿರಿಯರು ಒಂದು ನಿಮಿಷದಲ್ಲಿ ಹೇಳುತ್ತಾರೆ. ಸಂವಿಧಾನದ 350ಎ ವಿಧಿಯಲ್ಲಿ ಬರುವ ‘ತಕ್ಕಷ್ಟು ಸೌಕರ್ಯ’, ‘ಮಾತೃಭಾಷೆ’ ಇವು ಹಾಗಲ್ಲ, ಎಡಗಡೆಯ ಪಟ್ಟಿಯೇ ಜಗಳದ್ದು. 1958ರಲ್ಲಿ ಇಂಗ್ಲೆಂಡಿನ ಕಾನೂನು ಪಂಡಿತ ಹಾರ್ಟ್ ಒಂದು ಉದಾಹರಣೆ ಕೊಟ್ಟರು: ಪಾರ್ಕಿನೊಳಗೆ ವಾಹನ ತರಬಾರದು ಅಂತ ನಿಯಮ. ಕಾರು ಖಂಡಿತ ವಾಹನ. ಆಟಿಕೆ ಕಾರು? ನಡುವೆ ಸ್ಪಷ್ಟ, ಅಂಚಿನಲ್ಲಿ ಮಬ್ಬು. ಅದೇ ವರ್ಷ ಅಮೆರಿಕದ ಇನ್ನೊಬ್ಬ ಕಾನೂನು ಪಂಡಿತ ಫುಲ್ಲರ್ ತಿರುಗಿ ಕೇಳಿದರು: ಯುದ್ಧದ ಟ್ರಕ್ಕನ್ನು ಸ್ಮಾರಕ ಅಂತ ಅದೇ ಪಾರ್ಕಿನಲ್ಲಿ ನಿಲ್ಲಿಸಿದರೆ? ನಮ್ಮಲ್ಲಾದರೆ ದೇವಸ್ಥಾನದ ಅಂಗಳದಲ್ಲಿ ‘ವಾಹನ ನಿಷೇಧ’ ಬೋರ್ಡ್ ಇದೆ, ಜಾತ್ರೆ ದಿನ ತೇರು ಎಳೆಯುತ್ತೇವೆ. ನಾಲ್ಕು ಚಕ್ರ ಅದಕ್ಕೂ ಇದೆ. ಯಾರಿಗೂ ಅನುಮಾನ ಬರುವುದಿಲ್ಲ, ಯಾಕೆಂದರೆ ಬೋರ್ಡ್ ಯಾಕೆ ಹಾಕಿದ್ದು ಅಂತ ಎಲ್ಲರಿಗೂ ಗೊತ್ತು. ಅಂಚಿಗೆ ಬಂದಾಗ ಪದವನ್ನು ಹಿಂಡಬೇಡಿ, ನಿಯಮದ ಉದ್ದೇಶ ಕೇಳಿ.

350ಎ ವಿಧಿ ಇರುವುದು ಇಂಥ ಅಂಚಿನಲ್ಲೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ತಕ್ಕಷ್ಟು ಸೌಕರ್ಯ ಒದಗಿಸಲು ರಾಜ್ಯ ‘ಪ್ರಯತ್ನ’ ಮಾಡಬೇಕು ಅಂತ ಅದು ಹೇಳುತ್ತದೆ. 1956ರಲ್ಲಿ ಸೇರಿಸಿದ ಮಾತು. ಅದೇ ವರ್ಷ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿ, ಮನೆ ಬಿಟ್ಟು ಒಂದು ಹೆಜ್ಜೆ ಇಡದೆ ನಾವು ಅಲ್ಪಸಂಖ್ಯಾತರಾದೆವು. ಸರಿ, ಮಂಜೇಶ್ವರದ ಒಂದು ಮಗು ತಗೊಳ್ಳಿ. ಅಮ್ಮನ ಹತ್ತಿರ ತುಳು, ಅಂಗಡಿಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ. ಮಾತೃಭಾಷೆ ಯಾವುದು? ಕರ್ನಾಟಕದ ಶಿಕ್ಷಣ ಮಾಧ್ಯಮದ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, ಅದನ್ನು ತೀರ್ಮಾನಿಸುವವರು ತಂದೆ-ತಾಯಿ ಅಥವಾ ಪೋಷಕರು ಅಂದಿತು. ಅಂದರೆ ಎಡಗಡೆಯ ಪಟ್ಟಿ ಈಗ ನಿಮ್ಮ ಕೈಯಲ್ಲೇ ಇದೆ. ಶಾಲೆಯ ಫಾರ್ಮ್‌ನಲ್ಲಿ ಮಾತೃಭಾಷೆ ಅನ್ನುವ ಖಾಲಿ ಗೆರೆ ಬಂದಾಗ, ಮನೆಯಲ್ಲಿ ಏನು ಮಾತಾಡುತ್ತೇವೆ ಅಂತ ಅವಸರದಲ್ಲಿ ತುಂಬಿಸಬೇಡಿ. ಇಲ್ಲಿ ಬರೆದದ್ದು ಯಾವುದಕ್ಕೆಲ್ಲ ಲೆಕ್ಕಕ್ಕೆ ಬರುತ್ತದೆ ಅಂತ ಮೊದಲು ಹೆಡ್‌ಮಾಷ್ಟ್ರನ್ನು ಕೇಳಿ, ಆಮೇಲೆ ಪೆನ್ನು ತೆಗೆಯಿರಿ.